ಎಷ್ಟು ರಾತ್ರಿ

ಈ ಮನೆಗೆ ಬಾಗಿಲು ಆಮೇಲೆ ಬಂತು.
ಕಟ್ಟಿದಾಗ ಇದ್ದದ್ದು ಬರೀ ಬಾಯಿ,
ಮೇಲುಕೋಟೆಯ ಹಳೇ ದಾರಿಗೆ ತೆರೆದ ಹದಿನಾರು ಕಂಬ,
ಕಂಬಕ್ಕೂ ಕಂಬಕ್ಕೂ ನಡುವೆ ಗಾಳಿ.
ಆ ಗಾಳಿಗೆ ಮಣ್ಣಿನ ಗೋಡೆ ಎಬ್ಬಿಸಿ
ಬೇವಿನ ಬಾಗಿಲು ಕೂರಿಸಿದವನು ನನ್ನ ತಾತ,
ಕಲಾಯಿ ಫಕ್ರುದ್ದೀನ್. ಊರವರ ಬಾಯಲ್ಲಿ ಪಕ್ರಣ್ಣ.

ಹಂದರಕೊಪ್ಪಲಿಗೆ ಅವನು ಬಂದದ್ದು ಒಂದು ರಾತ್ರಿಗೆ.
ನಾಗಮಂಗಲದ ಸಂತೆ ಮುಗಿಸಿ,
ತಿದಿ ಹೆಗಲಲ್ಲಿ, ನವಸಾಗರದ ಡಬ್ಬಿ ಸೊಂಟದಲ್ಲಿ,
ಹಿಂದೆ ತುಂಬಿದ ಬಸುರಿ ಜೈತೂನ್ ಬೀ.
ಪಾಳುಬಿದ್ದ ಛತ್ರದಲ್ಲಿ ಆಡುಗಳ ಬಿಟ್ಟರೆ ಯಾರಿಲ್ಲ.
ಬೆಳಿಗ್ಗೆ ತಂಬಿಗೆ ಹಿಡಿದು ಹೊರಟ ಪಟೇಲರು ಕೇಳಿದರು,
"ಯಾರಯ್ಯಾ?"
"ದಾರಿಯವನು, ಬುದ್ಧಿ."
"ನಮ್ಮನೆ ತಪ್ಪಲೆ ಕಿಲುಬು ಹಿಡ್ದದೆ. ಕಲಾಯಿ ಹಾಕ್ಕೊಟ್ಟು ಹೋಗು."

ಆ ತಪ್ಪಲೆ ಮುಗಿಯುವಷ್ಟರಲ್ಲಿ ಇನ್ನೊಂದು ಮನೆಯದು,
ಊರೆಲ್ಲ ಮುಗಿಯುವಷ್ಟರಲ್ಲಿ ಅಪ್ಪ ಹುಟ್ಟಿದ,
ನಾಲ್ಕನೇ ಅಂಕಣದಲ್ಲಿ, ಕೋತಿ ಕೆತ್ತಿದ ಕಂಬದ ಬುಡಕ್ಕೆ.
ನೋವಿಗೆ ಅಜ್ಜಿ ತಬ್ಬಿದ್ದು ಅದನ್ನೇ.
ಆ ಕೋತಿ ಈಗಲೂ ಹಲ್ಲು ಕಿರಿಯುತ್ತದೆ
ಅಡುಗೆಮನೆಯ ಮಸಾಲೆ ಡಬ್ಬಿಗಳ ಹಿಂದಿನಿಂದ.

ತಾತ ತಪ್ಪಲೆಗೆ ತವರ ಬಳಿದ,
ನಮಗೆ ಇದು ತವರು ಆಯಿತು.
ನಡುವೆ ಒಂದು ಕೊಂಬು, ಅಷ್ಟೆ.

ಸೂರಿನ ಚಪ್ಪಡಿಗೆ ಎರಡು ಮಸಿ.
ಮೇಲಿನ ಪದರ ತಾತನ ತಿದಿಯದು, ಬೆರಳಿಗೆ ಅಂಟುತ್ತದೆ.
ಅದರಡಿಯದು ಕಲ್ಲೇ ಆಗಿಹೋಗಿದೆ,
ಯಾರ್ಯಾರೋ ಅಟ್ಟುಂಡ ಅಂಬಲಿಯ, ಹುರುಳಿಯ ಹೊಗೆ.
ಮಲಗುವ ಕೋಣೆಯ ನೆಲದಲ್ಲಿ ಚೌಕಾಬಾರದ ಮನೆಗಳು,
ಒಂದು ಮೂಲೆ ಗೀಚುವುದು ಅರ್ಧಕ್ಕೇ ನಿಂತಿದೆ.
ಗಾಡಿ ಹೊರಟಿರಬೇಕು.
ಎತ್ತಿನ ಹಗ್ಗ ಸವೆಸಿದ ಕಲ್ಲಿನ ಕಿವಿಗೆ
ಈಗ ನನ್ನ ಸ್ಕೂಟಿಯ ಸರಪಳಿ.

ಹಿತ್ತಲಲ್ಲಿ ಒಗೆಯುವ ಕಲ್ಲು.
ಮೈಸೂರಿನಿಂದ ಶಾಸನದ ಪದ್ಮಣ್ಣ ಬಂದಾಗ
ಅಣ್ಣನ ಲುಂಗಿಗೆ ಸೋಪು ಹಚ್ಚುತ್ತಿದ್ದೆ.
"ಸ್ವಲ್ಪ ನಿಲ್ಲಿಸಿ ತಾಯಿ," ಎಂದರು,
ಮಲಗಿದ ಮಗುವನ್ನು ತುಳಿದೆನೇನೋ ಎಂಬಂತೆ.
ಒದ್ದೆ ಕಾಗದ ಹಾಸಿ, ಬ್ರಷ್ಷಿನಲ್ಲಿ ಬಡಿದು ಬಡಿದು,
ಮಸಿಯ ಉಂಡೆ ಒತ್ತಿದರೆ
ಕಪ್ಪಿನೊಳಗಿಂದ ಬೆಳ್ಳಗೆ ಎದ್ದವು
ಮೂರು ತಲೆಮಾರು ನಮ್ಮ ಕೊಳೆ ಕುಡಿದ ಅಕ್ಷರ.

ಮಾಚವ್ವೆ ಎಂಬಾಕೆ, ಯಾರ ಹೆಂಡತಿಯೋ ಹೇಳಿಲ್ಲ,
ಕೈಬಳೆ ಮಾರಿದ ಹೊನ್ನಲ್ಲಿ ಕಟ್ಟಿಸಿದ್ದು.
ಬಂದವರಿಗೆ ನೆರಳು, ನೀರು, ಹಿಡಿ ಉಪ್ಪು.
ಯಾರು ಬಂದವರು?
"ಬಂದ ದಾರಿಗರು" ಅಂತಷ್ಟೇ ಇದೆ.
'ಈ ಧರ್ಮಕ್ಕೆ ಅಳುಪಿದವರು
ಗಂಗೆಯ ತಡಿಯಲಿ ಕವಿಲೆಯ ಕೊಂದ ಪಾಪಕೆ...'
ಅಲ್ಲಿ ಅವರ ದನಿ ತಗ್ಗಿತು. ನನ್ನ ಮುಖ ನೋಡಿದರು.
"ಓದಿ ಸಾರ್," ಎಂದೆ. "ಇದ್ದದ್ದನ್ನ ಓದಿ."

ಅದರ ಮೇಲಿನ ಸಾಲು ಬಿಟ್ಟುಹೋಗಿತ್ತು.
ಒಬ್ಬ ದಾರಿಗ ಇಲ್ಲಿ ತಂಗಬಹುದು, ಇಷ್ಟು ರಾತ್ರಿ.
ಎಷ್ಟು ಎಂಬಲ್ಲಿ ಕಲ್ಲು ನುಣ್ಣಗಿದೆ, ಅಂಗೈಯಗಲ,
ಅಜ್ಜಿಯ ಸೀರೆ, ಅಮ್ಮನ ಸೀರೆ, ನನ್ನ ದುಪಟ್ಟ ಬಡಿದ ಜಾಗ.
"ಮೂರು ಇರಬಹುದು," ಎಂದರು ಪದ್ಮಣ್ಣ, "ಗ್ಯಾರಂಟಿ ಇಲ್ಲ."
ಮನಸ್ಸಲ್ಲೇ ಲೆಕ್ಕ ಹಾಕಿದೆ.
ನಮ್ಮದು ಇಪ್ಪತ್ತೈದು ಸಾವಿರ, ಚಿಲ್ಲರೆ.

ಕಾಗದ ಒಣಗುವಷ್ಟರಲ್ಲಿ ಕೊನೆ ಬಸ್ಸು ಹೋಗಿತ್ತು.
ಅಮ್ಮ ಏನೂ ಕೇಳದೆ ಚೌಕಾಬಾರದ ಮೇಲೆ ಚಾಪೆ ಹಾಸಿದಳು,
ಸಾರಿಗೆ ಉಪ್ಪು ಸಾಲದೇನೋ ಎಂದು ಬಟ್ಟಲು ಪಕ್ಕದಲ್ಲಿಟ್ಟಳು.
ಆ ಕಲ್ಲನ್ನು ತೊಳೆದು ನೆಟ್ಟಗೆ ನಿಲ್ಲಿಸಬೇಕಂತೆ.
ಆಗಲಿ ಎಂದಿದ್ದೇನೆ.
ಒಗೆಯಲು ಬೇರೆ ಕಲ್ಲು ನೋಡಬೇಕು,
ಏನೂ ಬರೆಯದ್ದು.