ಸಡಿಲ ಗಂಟು

ನಮ್ಮ ದ್ವೀಪದಲ್ಲಿ ಮನೆಗಳಿವೆ, ಶಾಲೆಯಿಲ್ಲ.
ಶಾಲೆ ಆಚೆ ದಡದಲ್ಲಿದೆ.
ನಡುವೆ ಇಪ್ಪತ್ತು ನಿಮಿಷದ ಏಡ್ರಿಯಾಟಿಕ್ ನೀರು,
ನೀರಿನ ಮೇಲೆ ನಾನು, ನನ್ನ ದೋಣಿ,
ಒಂಬತ್ತು ಮಕ್ಕಳು, ಒಂಬತ್ತು ಚೀಲ,
ಕಿತ್ತಳೆ ಬಣ್ಣದ ಹತ್ತು ತೇಲಂಗಿ.
ಹತ್ತನೆಯದು ನನ್ನದು. ತೊಡುವುದಿಲ್ಲ.
ಅದು ಬೇರೆ ಮಾತು.
ಬೇರೆಯೇನೂ ಅಲ್ಲವೇನೋ.

ಸಂಜೆ ಮರಳಿದಾಗ ಎಲ್ಲರಿಗಿಂತ ಮೊದಲು ಹಾರಿ
ಕಟ್ಟೆಯ ಕಬ್ಬಿಣದ ಬಳೆಗೆ ಹಗ್ಗ ಬಿಗಿಯುವುದು ರೋಕೊನ ಕೆಲಸ.
ಯಾರೂ ಕೊಟ್ಟಿದ್ದಲ್ಲ.
ಏಳು ವರ್ಷದವನಿದ್ದಾಗ ನನ್ನ ಕೈಯಿಂದ ತಾನೇ ಕಸಿದುಕೊಂಡಿದ್ದು.
ಈಗ ಹನ್ನೊಂದು.
ಆ ಗುರುವಾರ ಚೆಂಡಾಟಕ್ಕೆ ಹೊತ್ತಾಗಿತ್ತು;
ಎರಡು ಸುತ್ತು ಸುತ್ತಿ, ತುದಿಯನ್ನು ಹಾಗೇ ಸಿಕ್ಕಿಸಿ, ಓಡಿದ.

ರಾತ್ರಿ ಬೂರಾ ಬೀಸಿತು.
ಬೆಟ್ಟದಿಂದ ಕಡಲಿಗೆ ಧುಮುಕುವ ಗಾಳಿ,
ಬೀಗದ ಕಿಂಡಿಯಲ್ಲೂ ಶಿಳ್ಳೆ ಹಾಕುವಂಥದ್ದು.
ಬೆಳಿಗ್ಗೆ ನೋಡಿದರೆ ಬಳೆಯೊಂದೇ ಇತ್ತು.
ದೋಣಿ, ಸ್ಮಶಾನದ ಕೆಳಗಿನ ಬಂಡೆಗೆ ಪಕ್ಕೆಯೊರಗಿಸಿ
ಗಬ್ಬದ ಹಸುವಿನಂತೆ ಏದುತ್ತಿತ್ತು.
ಮೂರು ಹಲಗೆ ಸೀಳಿ, ಹತ್ತು ದಿನ ಶಾಲೆಯಿಲ್ಲ.

ಸೋಮವಾರ ಮೀನುಗಾರರ ಸಂಘದ ಕೋಣೆಯಲ್ಲಿ ಸಭೆ.
ಅಂಚೆಯ ದೋಣಿ ಹತ್ತಿ ಬಂದ ಯೆಲ್ಕಾ ಟೀಚರ್
ಕೋಟು ಬಿಚ್ಚದೆ ಕೂತರು:
"ಭಿನ್ನರಾಶಿ ನಾವು ಕಲಿಸುತ್ತೇವೆ.
ಹಿಡಿದ ಕೆಲಸ ಮುಗಿಸುವುದನ್ನು
ಮಕ್ಕಳು ಮನೆಯಲ್ಲೇ ಕಲಿತು ಬರಬೇಕು."
ವಿಂಕಾಳ ಕೈಯಲ್ಲಿನ್ನೂ ಹೋಟೆಲಿನ ಹಾಸಿಗೆವಸ್ತ್ರಗಳ ಸೋಪಿನ ವಾಸನೆ:
"ಬೆಳಿಗ್ಗೆ ಆರಕ್ಕೆ ಹೋಗಿ ರಾತ್ರಿ ಒಂಬತ್ತಕ್ಕೆ ಬರುವವಳು ನಾನು.
ಅವನ ಎಚ್ಚರವೆಲ್ಲ ನಿಮ್ಮ ಪಾಲಿಗೆ.
ನನಗೆ ಸಿಗುವುದು ಅವನ ನಿದ್ದೆ.
ನಿದ್ದೆಗೆ ಏನು ಕಲಿಸಲಿ?"
ಸರಕುಹಡಗಿನಲ್ಲಿರುವ ಅಪ್ಪ ಫೋನಿನೊಳಗಿಂದ ಏನೋ ಕೂಗಿದ;
ಅವನ ಕಡಲೇ ಬೇರೆ, ಮಾತು ತುಂಡುತುಂಡಾಗಿ ಬಂತು.
ಪೌರನೀತಿಯ ಏಳನೇ ಪಾಠ ಇದೇ ಅಲ್ಲವೇ, ಎಂದರು ಯಾರೋ.
ಪರೀಕ್ಷೆಗೆ ಅದನ್ನು ಕೈಬಿಟ್ಟಿದ್ದೇವೆ, ಎಂದರು ಟೀಚರ್, ಮೆಲ್ಲಗೆ.

ಹಗ್ಗ ಕಟ್ಟಲು ಬಾರದವರೂ
ಅಂದು ಕಟ್ಟುವುದರಲ್ಲಿ ಎಂಥ ನಿಪುಣರು!
ಇವರು ಅವರ ತಲೆಗೆ,
ಅವರು ಇವರ ಕೊರಳಿಗೆ.

ಆಗ ಹಿಂದಿನ ಬೆಂಚಿನಿಂದ ರೋಕೊ ಎದ್ದ,
ತರಗತಿಯಲ್ಲಿ ಎತ್ತಿದಂತೆ ಬೆರಳೆತ್ತಿ:
"ಗಂಟು ಹಾಕಿರಲಿಲ್ಲ. ನಾನೇ."

ಗೋಡೆಯ ಗಡಿಯಾರ ಕೇಳಿಸುವಷ್ಟು ಹೊತ್ತು ಸುಮ್ಮನಿದ್ದೆವು.
ಆಮೇಲೆ ಟೀಚರ್: "ನೋಡಿದಿರಾ, ನಿಜ ಹೇಳುವುದನ್ನು ನಾವು ಕಲಿಸಿದ್ದೇವೆ."
ವಿಂಕಾ: "ಅದು ನಮ್ಮ ಮನೆಯಲ್ಲೇ ಇದ್ದದ್ದು. ಇವನ ಅಜ್ಜಿಯನ್ನು ಕೇಳಿ."
ಜಗಳ ಮತ್ತೆ ಹತ್ತಿಕೊಂಡಿತು.
ಇಷ್ಟು ಹೊತ್ತು ಸಾಲ ಹಂಚಿದ್ದರು,
ಈಗ ಆಸ್ತಿ.

ನನ್ನನ್ನು ಯಾರೂ ಕೇಳಲಿಲ್ಲ.
ದೋಣಿಯವನು ಮನೆಯೂ ಅಲ್ಲ, ಶಾಲೆಯೂ ಅಲ್ಲ.
ಆದರೂ ಎಷ್ಟು ಕಂಡಿದ್ದೇನೆ ಆ ಇಪ್ಪತ್ತು ನಿಮಿಷದಲ್ಲಿ:
ಬೈಸಿಕೊಂಡು ಬಂದ ಕಣ್ಣು ಈ ದಡದ ನೀರಲ್ಲಿ ತೊಳೆದುಕೊಳ್ಳುವುದನ್ನು,
ತಾಯಂದಿರಿಗೆಂದು ಟೀಚರ್ ಬರೆದ ಚೀಟಿ
ಆ ದಡ ದಾಟಿದ್ದೇ ಕಾಗದದ ದೋಣಿಯಾಗಿ ಇಳಿಯುವುದನ್ನು.
ಕಂಡು, ಇಂಜಿನ್ನಿನ ಸದ್ದು ಜೋರು ಮಾಡಿದ್ದೇನೆ.
ಸಭೆಯಲ್ಲೂ ಅಷ್ಟೇ,
ಟೋಪಿಯ ಅಂಚನ್ನು ತಿರುಗಿಸುತ್ತ ಕೂತಿದ್ದೆ.

ಈಗ ದೋಣಿ ದಡದ ಬೆಣಚುಕಲ್ಲುಗಳ ಮೇಲೆ ಬೋರಲು ಬಿದ್ದಿದೆ.
ರೋಕೊ ದಿನಾ ಬರುತ್ತಾನೆ. ಬಾ ಎಂದವರಿಲ್ಲ.
ಹೊಸ ಹಲಗೆಗೆ ಉಪ್ಪುಕಾಗದ ಉಜ್ಜುತ್ತಾನೆ.
ಅಡ್ಡಡ್ಡ ಬೇಡ, ಮರದ ಎಳೆಯ ಗುಂಟ ಹೋಗು,
ಇಷ್ಟೇ ನಾನು ಹೇಳಿಕೊಟ್ಟಿದ್ದು.

ನಿನ್ನೆ, ಡಾಂಬರು ಕಾಯಿಸುತ್ತ,
ಅವನತ್ತ ಬೆನ್ನು ಮಾಡಿಕೊಂಡು ಹೇಳಿದೆ:
"ಆ ಸಂಜೆ ಹಗ್ಗ ನೋಡಿದ್ದೆ. ಸಡಿಲ ಅನ್ನಿಸಿತ್ತು.
ಮೊಣಕಾಲು ನೋಯುತ್ತಿತ್ತು. ನಾಳೆ ಹೇಳಿದರಾಯಿತು ಅಂದುಕೊಂಡೆ."

ಉಜ್ಜುವ ಸದ್ದು ನಿಲ್ಲಲಿಲ್ಲ.

"ಗೊತ್ತು," ಅಂದ.
"ಓಡುವಾಗ ತಿರುಗಿ ನೋಡಿದ್ದೆ. ನೀವು ನೋಡುತ್ತಿದ್ದಿರಿ.
ಏನೂ ಅನ್ನಲಿಲ್ಲವಲ್ಲ,
ಸರಿಯಿದೆ ಅಂದುಕೊಂಡೆ."