ಕುರುಡು ಚುಕ್ಕಿ

ಚೌಬಾರಾದ ಹಿಂದಿನ ಓಣಿ. ಬಿದ್ರಿ ಹೂಜಿಯ ಕೊರಳಿಗೆ
ಬೆಳ್ಳಿ ಎಳೆ ಕೂಡಿಸುತ್ತ ಘನಿಸಾಬ ಅಂದ:
"ಬಳ್ಳಿ ಅದ ಅಂದ್ರ ಉಳಿ ಅದ. ಉಳಿ ಅದ ಅಂದ್ರ ಕೈ.
ನಿನ್ನ ಕಣ್ಣಷ್ಟೇ ತಾನಾಗಿ ಆತೇನು?"

ತಸ್ಕೀನಾ, ಬಿಎಸ್ಸಿ ಎರಡನೇ ವರ್ಷ, ಬಾಗಿಲಿಗೆ ಒರಗಿ:
"ದಾದಾ, ಕಣ್ಣೊಳಗ ನರ ಮುಂದ, ಪರದೆ ಹಿಂದ.
ನರ ಹೊರಬೀಳೋ ತೂತಿನ್ಯಾಗ ಏನೂ ಕಾಣಂಗಿಲ್ಲ.
ಇಂಥ ತೂತಿನ ಹೂಜಿ ಗಿರಾಕಿಗಿ ಕೊಡ್ತಿದ್ದೇನು?"

ಅವನು ಮಾತಾಡಲಿಲ್ಲ. ಕೋಟೆಯ ಮಣ್ಣನ್ನು
ನವಸಾಗರದಲ್ಲಿ ಕಲಸಿ ಬಿಸಿ ಹೂಜಿಗೆ ಬಳಿದ.
ಸತು ಕಪ್ಪಾಯಿತು;
ಬೆಳ್ಳಿ ಬೆಳ್ಳಗೇ ಉಳಿಯಿತು.

"ಈ ಮಣ್ಣು ಹಿಂಗ್ಯಾಕ, ನನಗೂ ಗೊತ್ತಿಲ್ಲ ಬೇಟಾ.
ನಾ ಮಾಡಿದ್ದಲ್ಲ."

ಆಮೇಲೆ ಒಂದು ಕಣ್ಣು ಮುಚ್ಚಿ, ಉಳಿಯ ತುದಿಯನ್ನು
ಮೆಲ್ಲಗೆ ಪಕ್ಕಕ್ಕೆ ಸರಿಸುತ್ತ ಹೋದ,
ಅದು ಮಾಯವಾಗುವ ಜಾಗ ಹುಡುಕುತ್ತ.