ಉದ್ಯೋಗದ ಕಾಲಂ

ರಾಜಾಜಿನಗರದ ಬ್ಯಾಂಕಿನಲ್ಲಿ ಮನೆ ಸಾಲದ ಅರ್ಜಿ.
ಉದ್ಯೋಗ ಅನ್ನುವ ಕಾಲಂ ಎರಡೂವರೆ ಇಂಚು.
ಮಂದಾಕಿನಿ ಮೇಡಂ ಪೆನ್ನು ಕೊಟ್ಟು ಕಾಯುತ್ತಿದ್ದಾರೆ,
ನನ್ನ ಹಿಂದೆ ಯಾರೋ ಕೆಮ್ಮುತ್ತಿದ್ದಾರೆ.

ಮೊದಲ ಕೆಲಸ, ನಲ್ಲಿಯ ಹಿಂದೆ.
ಧಾರಾವಾಹಿಯ ಅಡುಗೆಮನೆ; ಗೋಡೆಗೆ ನಲ್ಲಿ ಇತ್ತು, ಪೈಪು ಇರಲಿಲ್ಲ.
ಪ್ಲೈವುಡ್ಡಿನ ಆಚೆ ಸ್ಟೂಲಿನ ಮೇಲೆ ನಾನು,
ತಲೆಯ ಮೇಲೊಂದು ಬಕೆಟ್ಟು,
ಕೊಳವೆ ಹೀರಿ ಹೆಬ್ಬೆರಳಲ್ಲಿ ಒತ್ತಿ ಕೂತಿರಬೇಕು.
ಅತ್ತೆ ತಿರುಗಿಸಿದಾಗ ಬಿಡು,
ಬೈಗುಳ ಮುಗಿದಾಗ ನಿಲ್ಲಿಸು.
ದಿನಕ್ಕೆ ನೂರೈವತ್ತು, ಎರಡು ಊಟ.
ಆ ಸೊಸೆ ಅತ್ತದ್ದನ್ನು ನಾನು ಒಮ್ಮೆಯೂ ನೋಡಿಲ್ಲ,
ಕೇಳಿದ್ದೇನೆ, ಮರದ ಹಿಂದಿನಿಂದ.

ದಸ್ತಗೀರ್ ಮೇಸ್ತ್ರಿ ಕರೆದದ್ದು ಎರಡನೇ ವರ್ಷ.
ಮೆಜೆಸ್ಟಿಕ್ಕಿನ ಥಿಯೇಟರುಗಳ ನೆತ್ತಿಗೆ
ಐವತ್ತಡಿ ಹೀರೋಗಳನ್ನು ಏರಿಸಿದ ಕೈ
ಫ್ಲೆಕ್ಸು ಬಂದ ಮೇಲೆ ಸೆಟ್ಟಿಗೆ ಇಳಿದಿತ್ತು.
"ಹೊಸ ಗೋಡೆ ಸುಳ್ಳು ಹೇಳುತ್ತೆ ಕಣಮ್ಮ" ಅನ್ನುತ್ತ
ಟೀ ಡಿಕಾಕ್ಷನ್ನು, ಬೂದಿ, ಚೂರು ಫೆವಿಕಾಲ್ ಕಲಸಿ
ಸ್ವಿಚ್ಚಿನ ಸುತ್ತ ಬೆರಳ ಕೊಳೆ ಹಚ್ಚಲು ಕಲಿಸಿದರು.
"ಮೇಲಲ್ಲ, ಕೆಳಗೆ. ನಿಮ್ಮನೇಲಿ ನೋಡು."

ನೋಡಿದೆ. ಶ್ರೀರಾಮಪುರದ ವಠಾರದ ಆ ಒಂದು ರೂಮಿನಲ್ಲಿ
ನಾನೆಂದೂ ಗಮನಿಸದ ಅಪ್ಪನ ಹೆಬ್ಬೆರಳು
ಅಲ್ಲೇ ಇತ್ತು.
ಅಪ್ಪ ಹೋಗಿ ಆಗಲೇ ಮೂರು ವರ್ಷ.
ಆ ಸಲ ದೀಪಾವಳಿಗೆ ಸುಣ್ಣ ಹೊಡೆಸಲು ಬಿಡಲಿಲ್ಲ.

ಆಮೇಲೆ ಅಸಿಸ್ಟೆಂಟು.
ಎಸ್.ಪಿ. ರೋಡಿನಲ್ಲಿ ಸತ್ತ ಫೋನುಗಳು,
ಶಿವಾಜಿನಗರದ ಗುಜರಿಯಲ್ಲಿ ಸಾವಿರದೆಂಟುನೂರಕ್ಕೆ
ಒಂದು ತೇಗದ ಬಾಗಿಲು.
ಅದು ಜಡ್ಜ್ ಮನೆಗಾಯಿತು, ಠಾಣೆಗಾಯಿತು,
ಹೆರಿಗೆ ವಾರ್ಡಿಗೆ, ಮಠಕ್ಕೆ, ಎರಡು ಸಲ ಬಾರಿಗೆ.
ಕೆರೆದರೆ ಈಗಲೂ ಸಿಗುತ್ತವೆ
ನನ್ನ ಹನ್ನೊಂದು ವರ್ಷ, ಪದರ ಪದರ.

ಆಮೇಲೆ ಕಲಾ ನಿರ್ದೇಶಕಿ.
"ಲೇಡೀಸಾ? ರಾತ್ರಿಯೆಲ್ಲ ಸೆಟ್ ಹಾಕಬೇಕಮ್ಮಾ" ಅಂದಿದ್ದ ನಿರ್ಮಾಪಕ
ಬೆಳಗಿನ ಜಾವ ಮೂರಕ್ಕೆ ಕಾರಿನಲ್ಲಿ ಗೊರಕೆ ಹೊಡೆಯುತ್ತಿದ್ದ,
ನಾನು ಮೊಳೆ.
ಅವನ ಚೆಕ್ಕು ಎರಡು ಸಲ ವಾಪಸ್ಸು ಬಂತು,
ಬಹುಶಃ ಇದೇ ಬ್ಯಾಂಕಿನಿಂದ.

ಈಗ ಪ್ರೊಡಕ್ಷನ್ ಡಿಸೈನರ್ ಅನ್ನುತ್ತಾರೆ.
ಲ್ಯಾಪ್‌ಟಾಪು, ಮೂಡ್ ಬೋರ್ಡು, ಕೊಳೆಗೂ ಒಂದು ನಂಬರು.
ಹೆಸರು ಪರದೆಯ ಮೇಲೆ ಒಂದೂವರೆ ಸೆಕೆಂಡು,
ಅಷ್ಟರಲ್ಲಿ ಸ್ಕಿಪ್ ಒತ್ತಿರುತ್ತಾರೆ.

"ಸ್ಯಾಲರಿ ಸ್ಲಿಪ್ಪು?" ಇಲ್ಲ.
"ಈಗಿರೋ ಮನೆ?" ಬಾಡಿಗೆ.
ಇನ್ನೂರ ಹನ್ನೆರಡು ಮನೆ ಕಟ್ಟಿದ್ದೀನಿ ಮೇಡಂ,
ಎಲ್ಲಕ್ಕೂ ಮೂರೇ ಗೋಡೆ.
"ಬಿಲ್ಡರ್ರಾ?"
ಫೋನು ತೆಗೆದು ತೋರಿಸಿದೆ. ಮುಖ ಅರಳಿತು:
"ಅಯ್ಯೋ, ಈ ಅಡುಗೆಮನೆ! ನಮ್ಮತ್ತೆಗೆ ಇದೇ ಥರ ಶೆಲ್ಫು ಬೇಕಂತೆ.
ಎಲ್ಲಿದೆ ಮನೆ, ಬಸವನಗುಡೀನಾ?"
ನೈಸ್ ರೋಡಿನ ಪಕ್ಕ, ಒಂದು ಶೆಡ್ಡಿನಲ್ಲಿ.
ಮಳೆ ಬಂದರೆ ಶೀಟಿನ ಸದ್ದಿಗೆ ಡೈಲಾಗು ಕೇಳದೆ
ಅತ್ತೆ ಸೊಸೆ ಒಟ್ಟಿಗೆ ಟೀ ಕುಡಿಯುತ್ತಾರೆ.
ಹೇಳಲಿಲ್ಲ.
"ಹ್ಞೂಂ, ಆ ಕಡೆ" ಅಂದೆ, ಹೊಸ ಗೋಡೆಯ ಹಾಗೆ.

ಎರಡು ವರ್ಷದ ರಿಟರ್ನ್ಸು ತನ್ನಿ ಅಂತ ಅರ್ಜಿ ಮರಳಿಸಿದರು.
ಕಾಲಂನಲ್ಲಿ ಅವರೇ ಬರೆದಿದ್ದರು: ಸ್ವಂತ.

ಸಂಜೆ ಶೆಡ್ಡಿನಲ್ಲಿ, ನಲ್ಲಿಯ ಹಿಂದೆ, ನಂಜೇಶ.
ಕೆಲಸಕ್ಕೆ ಸೇರಿ ನಾಲ್ಕು ದಿನ, ಮೀಸೆ ಇನ್ನೂ ಸ್ಕೆಚ್ಚು.
"ಅಕ್ಕಾ, ಇಲ್ಲಿಂದ ಮುಂದೆ ಏನಾಗ್ತಾರೆ?"
ತುಟಿಗೆ ಬೆರಳಿಟ್ಟೆ, ಟೇಕ್ ಹತ್ತಿರ ಬಂದಿತ್ತು.
ಅವನ ಹೆಬ್ಬೆರಳನ್ನು ಕೊಳವೆಯ ಬಾಯಿಗೆ ಸರಿಮಾಡಿ ಪಿಸುಗುಟ್ಟಿದೆ:
"ಒಂದೇ ಸಲ ಬಿಡಬೇಡ.
ಮೊದಲು ಗಾಳಿ, ಎರಡು ಸಲ ಕೆಮ್ಮಿಸು, ಆಮೇಲೆ ನೀರು.
ಕಾವೇರಿ ಬರೋದು ಹಾಗೇ. ನಿಮ್ಮನೇಲಿ ನೋಡಿಲ್ವಾ?"

"ನಮ್ಮನೇಲಿ ನಲ್ಲಿ ಇಲ್ಲ ಅಕ್ಕ," ಅಂದ.
"ಟ್ಯಾಂಕರು. ಡ್ರಮ್ಮಿಗೆ ಹಿಡೀತೀವಿ."

ಆ ಕಡೆ ಅತ್ತೆ ನಲ್ಲಿ ತಿರುಗಿಸಿದಳು.